ಡೌನ್‌ಲೋಡ್ ನಿಂತುಹೋದಾಗ ಕಾರಣವನ್ನೂ ಹೇಳಬೇಕು

ಪ್ರಶ್ನೆ: ಶಿಕ್ಷಕರು ಪಾಠದ ವಿಡಿಯೋಗಳನ್ನು ಇಳಿಸಿಕೊಳ್ಳಲೆಂದು ಸಣ್ಣ ತಂತ್ರಾಂಶವೊಂದನ್ನು ಬರೆದಿದ್ದೇನೆ. ಏನೇ ತೊಂದರೆಯಾದರೂ ಅದು ‘ಡೌನ್‌ಲೋಡ್ ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ’ ಎಂದಷ್ಟೇ ತೋರಿಸುತ್ತದೆ. ತಾಂತ್ರಿಕ ವಿವರಗಳು ಗೊಂದಲ ಹುಟ್ಟಿಸುತ್ತವೆಂದು ಹೀಗೆ ಮಾಡಿದೆ. ಈಗ ದಿನವೂ ಫೋನ್ ಕರೆಗಳು ಬರುತ್ತಿವೆ. ಸಂದೇಶದಲ್ಲಿ ಏನಿರಬೇಕು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ‘ಮತ್ತೆ ಪ್ರಯತ್ನಿಸಿ’ ಎಂಬ ಸಲಹೆಯನ್ನೇ ಮೊದಲು ಪರಿಶೀಲಿಸಿ. ಸರ್ವರಿನಿಂದ 503 (ಸದ್ಯಕ್ಕೆ ಸೇವೆ ಲಭ್ಯವಿಲ್ಲ) ಎಂಬ ಉತ್ತರ ಬಂದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸುವುದು ಸರಿ. ಎಷ್ಟು ಹೊತ್ತು ಎಂಬುದನ್ನು ಕೆಲವೊಮ್ಮೆ ಸರ್ವರೇ ಉತ್ತರದ ಜೊತೆ ಕಳುಹಿಸುವ ‘ರಿಟ್ರೈ-ಆಫ್ಟರ್’ ಎಂಬ ಹೆಡರಿನಲ್ಲಿ (ಮಾಹಿತಿಯ ಸಾಲಿನಲ್ಲಿ) ತಿಳಿಸಿರುತ್ತದೆ. ಆದರೆ 404 ಬಂದಿದ್ದರೆ ಆ ವಿಳಾಸದಲ್ಲಿ ಫೈಲ್ ಸಿಕ್ಕಿಲ್ಲವೆಂದರ್ಥ. ಆಗ ಶಿಕ್ಷಕರು ಎಷ್ಟು ಸಲ ಗುಂಡಿ ಒತ್ತಿದರೂ ಪ್ರಯೋಜನವಿಲ್ಲ, ವಿಳಾಸವನ್ನು ಸರಿಪಡಿಸಬೇಕಾದವರು ನೀವು.

ಕಾರಣವನ್ನು ನೀವು ಹೊಸದಾಗಿ ಹುಡುಕಬೇಕಾಗಿಲ್ಲ. ಉದಾಹರಣೆಗೆ ಫೈಲುಗಳನ್ನು ಇಳಿಸಿಕೊಳ್ಳಲು ಬಳಸುವ ಕರ್ಲ್ (curl) ಎಂಬ ಪ್ರಸಿದ್ಧ ತಂತ್ರಾಂಶವು ಸರ್ವರಿನ ಹೆಸರು ಪತ್ತೆಯಾಗದಿದ್ದರೆ 6, ಕಾಲಮಿತಿ ಮೀರಿದರೆ 28, ಫೈಲನ್ನು ಡಿಸ್ಕಿಗೆ ಬರೆಯಲಾಗದಿದ್ದರೆ 23, ಫೈಲ್ ಅರ್ಧಕ್ಕೇ ನಿಂತರೆ 18 ಎಂದು ಬೇರೆ ಬೇರೆ ಸಂಖ್ಯೆಗಳನ್ನು ಹಿಂದಿರುಗಿಸುತ್ತದೆ. ಡೌನ್‌ಲೋಡಿಗಾಗಿ ನೀವು ಬಳಸುತ್ತಿರುವ ಲೈಬ್ರರಿಯೂ (ಸಿದ್ಧ ಕೋಡ್) ಇಂಥದ್ದೇನನ್ನೋ ಹೇಳುತ್ತಿರುತ್ತದೆ. ಎಲ್ಲ ದೋಷಗಳನ್ನೂ ಒಂದೇ ಕಡೆ ಹಿಡಿದು ಒಂದೇ ವಾಕ್ಯವನ್ನು ತೋರಿಸುವ ನಿಮ್ಮ ಕೋಡಿನ ಸಾಲಿನಲ್ಲಿ ಅದು ಕಳೆದುಹೋಗುತ್ತಿದೆ.

ನಿಮ್ಮದು ವಿಡಿಯೋಗಳ ಕೆಲಸವಾದ್ದರಿಂದ ಒಂದು ಸಂದರ್ಭವನ್ನು ವಿಶೇಷವಾಗಿ ಗಮನಿಸಿ. ಅನೇಕ ಪೆನ್‌ಡ್ರೈವ್‌ಗಳು ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 (FAT32) ಎಂಬ ವಿನ್ಯಾಸದಲ್ಲಿರುತ್ತವೆ, ಅದರಲ್ಲಿ 4 ಜಿಬಿ ಅಥವಾ ಅದಕ್ಕಿಂತ ದೊಡ್ಡದಾದ ಒಂದೇ ಫೈಲನ್ನು ಇಡಲು ಸಾಧ್ಯವಿಲ್ಲ. 32 ಜಿಬಿಯ ಡ್ರೈವ್ ಪೂರ್ತಿ ಖಾಲಿಯಿದ್ದರೂ ಡೌನ್‌ಲೋಡ್ ಗಂಟೆಗಟ್ಟಲೆ ನಡೆದು 4 ಜಿಬಿಯ ಗಡಿಯಲ್ಲಿ ನಿಲ್ಲುತ್ತದೆ, ಶಿಕ್ಷಕರು ಇಂಟರ್‌ನೆಟ್ಟನ್ನು ದೂರುತ್ತಾ ಇನ್ನೊಮ್ಮೆ ಡೇಟಾ ಖರ್ಚು ಮಾಡುತ್ತಾರೆ. ಇಲ್ಲಿ ‘ಈ ಫೈಲ್ 5.2 ಜಿಬಿ ಇದೆ. ಈ ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಉಳಿಯುವುದಿಲ್ಲ. ಕಂಪ್ಯೂಟರಿನ ಬೇರೊಂದು ಫೋಲ್ಡರನ್ನು ಆರಿಸಿ’ ಎಂದು ಹೇಳಬೇಕು. ಸರ್ವರ್ ಗಾತ್ರವನ್ನು ಮೊದಲೇ ತಿಳಿಸುತ್ತಿದ್ದರೆ ಇದನ್ನು ಡೌನ್‌ಲೋಡ್ ಆರಂಭಿಸುವ ಮುನ್ನವೇ ಹೇಳುವುದು ಇನ್ನೂ ಒಳ್ಳೆಯದು.

ತಾಂತ್ರಿಕ ವಿವರದ ಬಗ್ಗೆ ನಿಮಗಿರುವ ಅಳುಕು ನ್ಯಾಯವಾದುದೇ, ಆದರೆ ವಿವರವನ್ನು ಅಳಿಸುವುದು ಅದಕ್ಕೆ ಪರಿಹಾರವಲ್ಲ. ಏನಾಯಿತು, ಈಗ ಏನು ಮಾಡಬಹುದು ಎಂಬುದನ್ನು ಮೇಲೆ ಸರಳ ಕನ್ನಡದಲ್ಲಿ ಬರೆಯಿರಿ. ಫೈಲಿನ ವಿಳಾಸ, ಸಮಯ, ದೋಷಸಂಖ್ಯೆ, ಎಷ್ಟು ಭಾಗ ಇಳಿದಿತ್ತು ಎಂಬಿವನ್ನು ‘ವಿವರ’ ಎಂಬ ಗುಂಡಿಯ ಹಿಂದೆ, ನಕಲಿಸಿ ಕಳುಹಿಸಲು ಆಗುವಂತೆ ಇಡಿ. ದೋಷಸಂಖ್ಯೆಯನ್ನು ಮಾತ್ರ ಮೂಲದಲ್ಲಿದ್ದಂತೆಯೇ ಉಳಿಸಿ, ಏಕೆಂದರೆ ಫೋನಿನಲ್ಲಿ ನೀವು ಮೊದಲು ಕೇಳುವುದು ಅದನ್ನೇ. ವಿಳಾಸದೊಳಗೆ ಲಾಗಿನ್ ಟೋಕನ್ (ಪಾಸ್‌ವರ್ಡಿನಂತೆ ಪ್ರವೇಶ ಕೊಡುವ ಗುಪ್ತ ಸಂಕೇತ) ಸೇರಿದ್ದರೆ ಅದನ್ನು ಮರೆಮಾಡಿದ ಮೇಲಷ್ಟೇ ತೋರಿಸಿ. ಶಿಕ್ಷಕರು ಆ ವಿವರವನ್ನು ಇಡೀ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿಬಿಡಬಹುದು.