ಚಿಕ್ಕ ಬಟ್ಟೆ ಚೌಕಗಳನ್ನು ಎಳೆ ಬಿಡದಂತೆ ನೆನೆಸುವುದು ಹೇಗೆ?

ಈ ಸಲ ಬಂದ ಪ್ರಶ್ನೆಗಳೆಲ್ಲ ಕೌದಿ, ಕ್ವಿಲ್ಟ್ ಹೊಲಿಯುವವರದು. ತುಮಕೂರಿನಿಂದ ಬಂದ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು. ಉಳಿದವು ಅದರ ಜೊತೆಗೇ ಹೋಗುತ್ತವೆ.

ಪ್ರಶ್ನೆ: ಮಗಳು ಹೊರದೇಶದಿಂದ ಬರುವಾಗ ಕ್ವಿಲ್ಟ್ ಹೊಲಿಯುವ ಬಟ್ಟೆಯ ಕಟ್ಟು ತಂದುಕೊಟ್ಟಳು. 5 ಇಂಚಿನ ಚೌಕಗಳು, ಒಟ್ಟು 42. ಸುತ್ತಲೂ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿದ್ದಾರೆ. ಮೊಮ್ಮಗುವಿಗೆ ಕೌದಿ ಮಾಡಬೇಕು ಅಂತ ಆಸೆ. ಹಿಂಬದಿಗೆ ನನ್ನ ಹಳೆ ಕಾಟನ್ ಸೀರೆ ಹಾಕುತ್ತೇನೆ. ಮಗುವಿನ ಮೈಗೆ ತಾಗುವ ಬಟ್ಟೆ ಅಂತ ಮೊದಲು ನಾಲ್ಕು ಚೌಕಗಳನ್ನು ಬಕೆಟ್‌ನಲ್ಲಿ ಸೋಪು ಹಾಕಿ ಉಜ್ಜಿ ಒಗೆದೆ. ಹಲ್ಲೆಲ್ಲ ಹೋಗಿ ಎಳೆ ಜೋತು ಬಿತ್ತು. ಚೌಕವೂ ಸೊಟ್ಟಗಾಯಿತು. ಉಳಿದ 38 ಚೌಕ ಒಗೆಯದೆ ಹಾಗೇ ಹೊಲಿಯಲಾ? – ತುಮಕೂರಿನ ಓದುಗರು

ಉತ್ತರ: ಹಿಂಬದಿಗೆ ಹಳೆ ಸೀರೆ ಅಂತ ಬರೆದಿದ್ದೀರಲ್ಲ, ಅದರಿಂದ ನನ್ನ ಕೆಲಸ ಸುಲಭವಾಯಿತು. ಚೌಕಗಳಿಗೆ ನೀರು ತೋರಿಸಲೇಬೇಕು. ಆದರೆ ಒಗೆಯುವುದು ಬೇಡ, ನೆನೆಸಿದರೆ ಸಾಕು.

ಸೀರೆಗೆ ಫಾಲ್ಸ್ ಹಚ್ಚುವ ಮೊದಲು ಅದನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡುತ್ತೀರಿ ಅಲ್ವಾ? ಬ್ಲೌಸ್ ಹೊಲಿಯಲು ಕೊಟ್ಟರೆ ಟೈಲರ್ ಮೊದಲು ಕೇಳುವುದೇ ಲೈನಿಂಗ್ ನೆನೆಸಿದ್ದೀರಾ ಅಂತ. ಇಲ್ಲೂ ಅದೇ ಲೆಕ್ಕ. ಮಗ್ಗದ ಮೇಲೆ ನೂಲನ್ನು ಬಿಗಿಯಾಗಿ ಎಳೆದು ನೇಯುತ್ತಾರೆ. ಬಟ್ಟೆ ಮೊದಲ ಸಲ ನೀರು ಕುಡಿದಾಗ ಆ ಬಿಗಿ ಸಡಿಲವಾಗುತ್ತದೆ, ಬಟ್ಟೆ ಕುಗ್ಗುತ್ತದೆ. ಕ್ವಿಲ್ಟ್‌ಗೆ ಬಳಸುವ ಕಾಟನ್ ಸಾಮಾನ್ಯವಾಗಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತದೆ. ನಿಮ್ಮ ಹಳೆ ಸೀರೆ ಎಷ್ಟೋ ವರ್ಷ ಒಗೆಸಿಕೊಂಡು ಕುಗ್ಗುವಷ್ಟು ಕುಗ್ಗಿಯಾಗಿದೆ. ಮೇಲಿನ ಚೌಕಗಳನ್ನು ನೆನೆಸದೆ ಹೊಲಿದರೆ ಮೊದಲ ಒಗೆತದಲ್ಲೇ ಮೇಲಿನ ಪದರ ಕುಗ್ಗುತ್ತದೆ, ಕೆಳಗಿನದು ಹಾಗೇ ಇರುತ್ತದೆ. ಕೌದಿ ಪೂರ್ತಿ ಸುಕ್ಕು ಸುಕ್ಕು.

ನಮ್ಮ ಅಜ್ಜಿಯರ ಕೌದಿಗೆ ಈ ತಾಪತ್ರಯವೇ ಇರಲಿಲ್ಲ. ಹಳೆ ಸೀರೆ, ಹಳೆ ಪಂಚೆ, ಹಳೆ ಅಂಗಿ. ಎಲ್ಲವೂ ಮೊದಲೇ ಒಗೆದು ಒಗೆದು ಮೆತ್ತಗಾದದ್ದು. ಹೊಸ ಬಟ್ಟೆ ಕೊಂಡು ತುಂಡು ಮಾಡಿ ಮತ್ತೆ ಜೋಡಿಸುವ ಪದ್ಧತಿ ಬಂದ ಮೇಲೆ ಈ ಪ್ರಶ್ನೆ ಹುಟ್ಟಿತು.

ಇಂಥ ಕಟ್ಟುಗಳನ್ನು ಮಾರುವವರು ‘ಹೊಲಿಯುವ ಮೊದಲು ಒಗೆಯಬೇಡಿ’ ಅನ್ನುವುದೇ ಜಾಸ್ತಿ. 5 ಇಂಚಿನ ಚೌಕದ ಚಾರ್ಮ್ ಪ್ಯಾಕ್ ಇರಲಿ, 10 ಇಂಚಿನ ಲೇಯರ್ ಕೇಕ್ ಇರಲಿ, ಎರಡೂವರೆ ಇಂಚಿನ ಪಟ್ಟಿಗಳ ಜೆಲ್ಲಿ ರೋಲ್ ಇರಲಿ, ಎಲ್ಲಕ್ಕೂ ಅದೇ ಮಾತು. ಅವರು ಹೇಳುವುದು ತಪ್ಪಲ್ಲ. ಮೇಲಿನ ಬಟ್ಟೆ, ಹಿಂಬದಿ, ನಡುವಿನ ಹತ್ತಿ ಮೂರೂ ಹೊಸದಾಗಿದ್ದರೆ ಒಗೆದಾಗ ಮೂರೂ ಹೆಚ್ಚು ಕಡಿಮೆ ಒಟ್ಟಿಗೇ ಕುಗ್ಗುತ್ತವೆ. ಆಗ ಬರುವ ಸಣ್ಣ ನೆರಿಗೆಯನ್ನು ಕೆಲವರು ಚೆಂದ ಅಂತಲೇ ಇಷ್ಟಪಡುತ್ತಾರೆ. ನೀವೂ ಹಿಂಬದಿಗೆ ಹೊಸ ಬಟ್ಟೆ ಹಾಕುವುದಾದರೆ ಈ ನೆನೆಸುವ ಉಸಾಬರಿ ಬೇಡ. ಹೊಲಿದು ಮುಗಿಸಿ, ಕೌದಿಯನ್ನೇ ಎರಡು ಸಲ ಒಗೆದು ಮಗುವಿಗೆ ಕೊಡಿ. ಹೊಸ ಬಟ್ಟೆಗೆ ಹಾಕಿದ ಗಂಜಿ, ರಾಸಾಯನಿಕ ಬಹುಪಾಲು ಅದರಲ್ಲೇ ಹೋಗುತ್ತದೆ. ಸೀರೆಯೇ ಬೇಕು ಅಂದರೆ ಮುಂದೆ ಓದಿ.

ಎಳೆ ಯಾಕೆ ಬಿಡುತ್ತದೆ? ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ನೂಲು ಹಾಸು, ಅಡ್ಡಕ್ಕೆ ಹೋಗುವ ನೂಲು ಹೊಕ್ಕು. ಥಾನಿನ ಎರಡು ಅಂಚಿನಲ್ಲಿ ಮಾತ್ರ ಹೊಕ್ಕಿನ ನೂಲು ತಿರುಗಿ ಒಳಗೆ ಬರುತ್ತದೆ. ಅಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಕತ್ತರಿಸಿದ ಬೇರೆ ಯಾವ ಅಂಚಿನಲ್ಲೂ ಕೊನೆಯ ನೂಲನ್ನು ಹಿಡಿದಿಡುವವರು ಯಾರೂ ಇಲ್ಲ. ಅದಕ್ಕೇ ಹಲ್ಲು ಹಲ್ಲಾಗಿ ಕತ್ತರಿಸುತ್ತಾರೆ. ಉದ್ದ ಎಳೆಯ ಬದಲು ಹಲ್ಲಿನಷ್ಟೇ ಉದ್ದದ ತುಣುಕು ಎಳೆಗಳಾಗುತ್ತವೆ, ಅಂಚೂ ಓರೆಯಾಗುತ್ತದೆ. ಓರೆ ಕತ್ತರಿಸಿದ ಬಟ್ಟೆ ಬೇಗ ಬಿಚ್ಚುವುದಿಲ್ಲ. ಆದರೆ ಈ ಹಲ್ಲು ಅಂಗಡಿಯಲ್ಲಿ, ಹೊಲಿಗೆ ಮೇಜಿನ ಮೇಲೆ ತಡೆದುಕೊಳ್ಳುತ್ತದೆ. ಉಜ್ಜುವುದನ್ನು ತಡೆಯುವುದಿಲ್ಲ. ನೀರಿನಿಂದ ಎಳೆ ಹೋಗುವುದು ಬಹಳ ಕಡಿಮೆ. ಹಿಂಡಿದರೆ, ಉಜ್ಜಿದರೆ, ಮಷಿನ್‌ನಲ್ಲಿ ತಿರುಗಿಸಿದರೆ ಹೋಗುತ್ತದೆ.

ಹಾಗಾಗಿ ಹೀಗೆ ಮಾಡಿ. ಚೌಕಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ. ತಿಳಿ ಬಣ್ಣ ಒಂದು, ಗಾಢ ಬಣ್ಣ ಒಂದು, ಕೆಂಪು ಮಾತ್ರ ಯಾವಾಗಲೂ ಪ್ರತ್ಯೇಕ. ಅಗಲವಾದ ಬೇಸಿನ್ ಇಲ್ಲವೇ ಪರಾತ ತೆಗೆದುಕೊಳ್ಳಿ. ಬಕೆಟ್ ಬೇಡ, ಅದರಲ್ಲಿ ಎಲ್ಲವೂ ತಳ ಸೇರಿ ಮುದ್ದೆಯಾಗುತ್ತದೆ. ಉಗುರು ಬೆಚ್ಚಗಿನ ನೀರಿಗೆ ಬಟ್ಟೆ ಒಗೆಯುವ ಲಿಕ್ವಿಡ್ ನಾಲ್ಕೈದು ಹನಿ ಹಾಕಿ ಕಲಕಿ. ಆಮೇಲೆ ಚೌಕಗಳನ್ನು ಒಂದೊಂದಾಗಿ ಮಲಗಿಸಿ. ಒಂದು ಸಲಕ್ಕೆ ಏಳೆಂಟು ಸಾಕು. ಅಂಗೈಯಿಂದ ಮೆಲ್ಲಗೆ ಒತ್ತಿ ಮುಳುಗಿಸಿ, ಕಾಲು ಗಂಟೆ ಹಾಗೇ ಬಿಡಿ. ಕೈ ಆಡಿಸಬೇಡಿ. ಆಮೇಲೆ ಬೇಸಿನ್ ಓರೆ ಮಾಡಿ ನೀರು ಚೆಲ್ಲಿ, ಹೊಸ ನೀರು ಹಾಕಿ. ನೀರನ್ನು ಚೌಕಗಳ ಮೇಲೆ ಸುರಿಯದೆ ಬದಿಯಿಂದ ಬಿಡಿ. ಎರಡು ಮೂರು ಸಲ ಹೀಗೆ ಜಾಲಿಸಿದರೆ ಸೋಪು ಹೋಗುತ್ತದೆ.

ಹಿಂಡುವ ಹಾಗಿಲ್ಲ. ಟವೆಲ್ ಹಾಸಿ, ಚೌಕಗಳನ್ನು ಅದರ ಮೇಲೆ ಜೋಡಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ ಒತ್ತಿ. ನೀರೆಲ್ಲ ಟವೆಲ್‌ಗೆ ಹೋಗುತ್ತದೆ. ಕ್ಲಿಪ್ ಹಾಕಿ ಹಗ್ಗಕ್ಕೆ ನೇತು ಹಾಕಬೇಡಿ, ಮೂಲೆ ಜಗ್ಗಿ ಸೊಟ್ಟಗಾಗುತ್ತದೆ. ನೆರಳಲ್ಲಿ ಒಣ ಬಟ್ಟೆಯ ಮೇಲೆ ಹರಡಿ. ಪೂರ್ತಿ ಒಣಗುವ ತನಕ ಕಾಯಬೇಡಿ. ಇನ್ನೂ ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಬೇಕು. ಅದೂ ಎಂದಿನ ಹಾಗೆ ಎಳೆದು ಉಜ್ಜುವುದಲ್ಲ. ಪೆಟ್ಟಿಗೆ ಇಟ್ಟು, ಎತ್ತಿ, ಪಕ್ಕಕ್ಕೆ ಇಡಿ.

ಗಂಜಿಯ ವಿಷಯ. ನನ್ನನ್ನು ಕೇಳಿದರೆ ಈ ಕೆಲಸದಲ್ಲಿ ಗಂಜಿಯಷ್ಟು ಉಪಕಾರಿ ಬೇರೊಂದಿಲ್ಲ. ಸಬ್ಬಕ್ಕಿ ಬೇಯಿಸಿ, ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ. ಜಾಲಿಸಿದ ಚೌಕಗಳನ್ನು ಕೊನೆಯಲ್ಲಿ ಅದರಲ್ಲಿ ಅದ್ದಿ ತೆಗೆದು ಟವೆಲ್‌ನಲ್ಲಿ ಒತ್ತಿ. ಅಕ್ಕಿ ಗಂಜಿ ತಿಳಿಯೂ ಆಗುತ್ತದೆ, ಗಂಟು ಇರಬಾರದು ಅಷ್ಟೇ. ಒಣಗಿದ ಮೇಲೆ ಅಂಚಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಕತ್ತರಿಸುವಾಗ, ಹೊಲಿಯುವಾಗ ಬಟ್ಟೆ ಜಾರುವುದಿಲ್ಲ. ಒಂದೇ ಎಚ್ಚರ, ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಬೀರುವಿನಲ್ಲಿ ಇಡಬೇಡಿ. ಜಿರಳೆ, ಹುಳ ಬರುತ್ತವೆ.

ಈಗ ಅಳತೆ. ನೂರಕ್ಕೆ 4 ಅಂತ ಹಿಡಿದರೂ 5 ಇಂಚಿನ ಚೌಕ ಸುಮಾರು 5 ಮಿಲಿಮೀಟರ್ ಸಣ್ಣದಾಗುತ್ತದೆ. ಮಗ್ಗದಲ್ಲಿ ಜಾಸ್ತಿ ಬಿಗಿ ಇರುವುದು ಹಾಸು ನೂಲಿಗೆ, ಹಾಗಾಗಿ ಆ ಕಡೆ ಕುಗ್ಗುವುದೂ ಜಾಸ್ತಿ. ನೆನೆಸಿದ ಚೌಕ ನಿಜವಾದ ಚೌಕವಾಗಿ ಉಳಿಯುವುದಿಲ್ಲ. ಅಂಚಿನಿಂದ ಕಾಲು ಇಂಚು ಬಿಟ್ಟು ಹೊಲಿಗೆ ಹಾಕುವಾಗ ಇಷ್ಟು ವ್ಯತ್ಯಾಸ ಸಾಕು ಮೂಲೆಗಳು ಕೂಡದಿರಲು. ಅದಕ್ಕೆ ಎಲ್ಲವನ್ನೂ ಅಳೆದು, ಅತಿ ಚಿಕ್ಕ ಚೌಕ ಎಷ್ಟಿದೆ ನೋಡಿ, ಎಲ್ಲವನ್ನೂ ಆ ಅಳತೆಗೆ ಕತ್ತರಿಸಿ. ನಾನಾದರೆ ನಾಲ್ಕೂವರೆ ಇಂಚಿಗೆ ಕತ್ತರಿಸುತ್ತೇನೆ. ಬಿಚ್ಚಿದ ಹಲ್ಲೂ ಹೋಗುತ್ತದೆ, ಲೆಕ್ಕವೂ ಸುಲಭ. ಹೊಲಿದ ಮೇಲೆ ಒಂದೊಂದು ಚೌಕ 4 ಇಂಚು ಕಾಣುತ್ತದೆ. ಅಡ್ಡ 6, ಉದ್ದ 7 ಜೋಡಿಸಿದರೆ 24 ಇಂಚು ಅಗಲ, 28 ಇಂಚು ಉದ್ದ. ಚಿಕ್ಕದಾಯಿತು ಅನ್ನಿಸಿದರೆ ಸುತ್ತ 4 ಇಂಚಿನ ಬಾರ್ಡರ್ ಕೊಡಿ, 32ಕ್ಕೆ 36 ಆಗುತ್ತದೆ. ಬಾರ್ಡರ್ ಬಟ್ಟೆಯನ್ನೂ ಕತ್ತರಿಸುವ ಮೊದಲೇ ನೆನೆಸಬೇಕು ಅಂತ ಬೇರೆ ಹೇಳಬೇಕಿಲ್ಲ.

ಉಜ್ಜಿ ಒಗೆದ ಆ ನಾಲ್ಕನ್ನು ಬಿಸಾಡಬೇಡಿ. ಒದ್ದೆ ಮಾಡಿ, ಎದುರುಬದುರಿನ ಯಾವ ಎರಡು ಮೂಲೆಗಳ ನಡುವೆ ದೂರ ಕಡಿಮೆ ಇದೆಯೋ ಅವನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಸೊಟ್ಟಗಾದದ್ದು ಬಹುಪಾಲು ನೇರವಾಗುತ್ತದೆ. ಜೋತ ಎಳೆಗಳನ್ನು ಎಳೆಯಬೇಡಿ, ಕತ್ತರಿಸಿ. ಗಂಜಿ ಹಾಕಿ ಇಸ್ತ್ರಿ ಮಾಡಿ ಅಳೆಯಿರಿ. ನಾಲ್ಕೂವರೆ ಸಿಗಲೂಬಹುದು.

ಇಷ್ಟೆಲ್ಲ ನೀರಾಟ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಚೌಕಕ್ಕೆ ಸ್ಪ್ರೇ ಬಾಟಲಿಯಿಂದ ಚೆನ್ನಾಗಿ ನೀರು ಹೊಡೆದು, ಕಾಟನ್ ಬಿಸಿಯಲ್ಲಿ ಇಸ್ತ್ರಿ ಇಟ್ಟು ಒಣಗಿಸುವುದು. ಕುಗ್ಗಬೇಕಾದದ್ದು ತಕ್ಕಮಟ್ಟಿಗೆ ಅಲ್ಲೇ ಕುಗ್ಗುತ್ತದೆ, ಎಳೆ ಬಿಡುವುದಿಲ್ಲ. ಆದರೆ ಬಟ್ಟೆಯಲ್ಲಿ ಉಳಿದ ಹೆಚ್ಚುವರಿ ಬಣ್ಣ, ರಾಸಾಯನಿಕ ಹೋಗುವುದಿಲ್ಲ. ಮಗುವಿಗೆ ಅಂತ ನೀವು ಹೇಳಿದ್ದರಿಂದ ನಾನು ನೆನೆಸುವುದನ್ನೇ ಹೇಳಿದೆ. ಎರಡೂವರೆ ಇಂಚಿನ ಪಟ್ಟಿಗಳಿಗಂತೂ ಸ್ಪ್ರೇ ಒಂದೇ ದಾರಿ. ಮಾರುದ್ದದ ಪಟ್ಟಿಗಳನ್ನು ನೀರಿಗೆ ಹಾಕಿದರೆ ಸಿಕ್ಕು ಬಿಡಿಸುವುದರಲ್ಲೇ ಸಂಜೆಯಾಗುತ್ತದೆ.

ಪ್ರಶ್ನೆ: ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಉಳಿದ ತುಂಡುಗಳು ಚೀಲಗಟ್ಟಲೆ ಇವೆ. ಚೌಕ ಮಾಡಿ ಕೌದಿ ಹೊಲಿದು ಮಾರೋಣ ಅಂತಿದ್ದೇನೆ. ಮೊದಲು ಕತ್ತರಿಸಲಾ, ಮೊದಲು ನೆನೆಸಲಾ? ಮಷಿನ್‌ಗೆ ಹಾಕಬಹುದಾ? – ಕೋಲಾರದ ಓದುಗರು

ಉತ್ತರ: ನಿಮಗೆ ಆಯ್ಕೆ ಇದೆ, ತುಮಕೂರಿನವರಿಗೆ ಇರಲಿಲ್ಲ. ಮೊದಲು ನೆನೆಸಿ, ಆಮೇಲೆ ಕತ್ತರಿಸಿ. ಎಳೆ ಬಿಟ್ಟರೂ ಕತ್ತರಿಸುವಾಗ ಆ ಅಂಚು ಹೋಗುತ್ತದೆ. ಮಾರುವ ಮಾಲು ಅಂದ ಮೇಲೆ ನೆನೆಸಲೇಬೇಕು. ಕೊಂಡವರು ನೇರ ವಾಷಿಂಗ್ ಮಷಿನ್‌ಗೇ ಹಾಕುತ್ತಾರೆ.

ಅದಕ್ಕೂ ಮೊದಲು ಚೀಲ ಸುರಿದು ಬಟ್ಟೆ ಬೇರೆ ಮಾಡಿ. ಟೂ ಬೈ ಟೂ ರೂಬಿಯಾದಂಥ ಬ್ಲೌಸ್ ಕಾಟನ್, ಕಾಟನ್ ಲೈನಿಂಗ್ ಒಂದು ಕಡೆ. ಪಾಲಿಯೆಸ್ಟರ್ ಒಂದು ಕಡೆ. ರೇಷ್ಮೆ ಒಂದು ಕಡೆ. ಅನುಮಾನ ಬಂದರೆ ಎರಡು ಎಳೆ ತೆಗೆದು, ಕೈಯಲ್ಲಿ ಹಿಡಿಯದೆ ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿ. ಕಾಟನ್ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಕಾಟನ್ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದು ತೀರಾ ಕಡಿಮೆ. ಎರಡನ್ನೂ ಒಂದೇ ಕೌದಿಯಲ್ಲಿ ಸೇರಿಸಿದರೆ ಕಾಟನ್ ನೆನೆಸದೆ ಗತಿಯಿಲ್ಲ. ರೇಷ್ಮೆ ತುಂಡುಗಳನ್ನು ಪದೇ ಪದೇ ಒಗೆಯುವ ಕೌದಿಗೆ ಹಾಕಬೇಡಿ. ಶಿಡ್ಲಘಟ್ಟ ಪಕ್ಕದಲ್ಲೇ ಇರುವ ನಮಗೆ ರೇಷ್ಮೆಯ ಬೆಲೆ ಹೇಳಿಕೊಡಬೇಕಾ? ಕುಶನ್ ಕವರ್, ಪರ್ಸ್ ಮಾಡಿ, ಒಳ್ಳೆ ಬೆಲೆಗೆ ಹೋಗುತ್ತದೆ.

ಮಷಿನ್‌ಗೆ ಹಾಕಬಹುದು, ಆದರೆ ಕರವಸ್ತ್ರಕ್ಕಿಂತ ದೊಡ್ಡ ತುಂಡು ಮಾತ್ರ. ನೆಟ್ ಬ್ಯಾಗ್‌ನಲ್ಲಿ ಹಾಕಿ ಜಿಪ್ ಎಳೆಯಿರಿ. ಬ್ಯಾಗ್ ಇಲ್ಲದಿದ್ದರೆ ಹಳೆ ದಿಂಬಿನ ಕವರ್ ಬಾಯಿ ಕಟ್ಟಿದರೂ ನಡೆಯುತ್ತದೆ. ಡೆಲಿಕೇಟ್ ಮೋಡ್, ತಣ್ಣೀರು, ಸ್ಪಿನ್ ಕಡಿಮೆ. ಹಾಕುವ ಮೊದಲು ತುಂಡಿನ ನಾಲ್ಕೂ ಮೂಲೆಯನ್ನು ಕತ್ತರಿಯಿಂದ ಓರೆಯಾಗಿ ಸ್ವಲ್ಪ ತೆಗೆಯಿರಿ. ಎಳೆ ಬಿಡಲು ಶುರುವಾಗುವುದು ಮೂಲೆಯಲ್ಲಿ. ಅದನ್ನು ತೆಗೆದರೆ ಅರ್ಧ ಸಿಕ್ಕು ತಪ್ಪುತ್ತದೆ. ಅರ್ಧ ಮೀಟರ್, ಮುಕ್ಕಾಲು ಮೀಟರ್ ತುಂಡು ಸಿಕ್ಕಿದರೆ ಅಂಗಡಿಯಲ್ಲಿ ಓವರ್‌ಲಾಕ್ ಇದ್ದೇ ಇರುತ್ತದಲ್ಲ, ಅಂಚಿಗೆ ಒಂದು ಸುತ್ತು ಹೊಡೆಯಿರಿ. ಚಿಕ್ಕ ಚೌಕಕ್ಕೆ ಓವರ್‌ಲಾಕ್ ಹೊಡೆಯುವುದು ಸುಮ್ನೆ ದಂಡ. ಅಂಚೂ ದಪ್ಪಗಾಗುತ್ತದೆ.

ಪ್ರಶ್ನೆ: ನಮ್ಮದು ಬೋರ್ ನೀರು. ಗಾಢ ಬಣ್ಣದ ತುಂಡುಗಳನ್ನು ನೆನೆಸಿ ಒಣಗಿಸಿದರೆ ಬಿಳಿ ಬಿಳಿ ಕಲೆ ಬರುತ್ತದೆ. ಏನು ಮಾಡುವುದು? – ಚಿಕ್ಕಬಳ್ಳಾಪುರದ ಓದುಗರು

ಉತ್ತರ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಮೂರೂ ಜಿಲ್ಲೆಗಳಲ್ಲಿ ಬೋರ್ ನೀರಿನ ಪಾಡು ಇದೇ. ನೀರಿನಲ್ಲಿರುವ ಸುಣ್ಣದ ಅಂಶ ಬಟ್ಟೆ ಸೋಪಿನ ಜೊತೆ ಸೇರಿ ಜಿಗುಟು ಕೆನೆಯಾಗುತ್ತದೆ. ಕಪ್ಪು, ನೀಲಿ ಬಟ್ಟೆಯ ಮೇಲೆ ಅದು ಎದ್ದು ಕಾಣುತ್ತದೆ. ಸೋಪಿನ ಬಿಲ್ಲೆ ಬಿಡಿ, ಲಿಕ್ವಿಡ್ ಬಳಸಿ. ಕೊನೆಯ ಸಲ ಜಾಲಿಸಲು ಮಳೆ ನೀರು ಸಿಕ್ಕರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್‌ನಲ್ಲಿ ಎರಡು ಲೀಟರ್ ತೆಗೆದಿಡಿ. ಚಿಕ್ಕ ಚೌಕಗಳಿಗೆ ಅಷ್ಟು ಸಾಕು. ಈಗಾಗಲೇ ಬಂದ ಕಲೆಗೆ ಒಂದು ಲೀಟರ್ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ ಹತ್ತು ನಿಮಿಷ ನೆನೆಸಿ, ಮತ್ತೆ ಒಳ್ಳೆ ನೀರಿನಲ್ಲಿ ಅದ್ದಿ ತೆಗೆಯಿರಿ.

ಪ್ರಶ್ನೆ: ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ಬಿಡುವುದಿಲ್ಲ ಅಂತಾರೆ. ನಿಜವಾ? – ಶಿರಾದ ಓದುಗರು

ಉತ್ತರ: ಇಲ್ಲ. ಬಣ್ಣ ಹಾಕುವ ಕಾರ್ಖಾನೆಯಲ್ಲಿ ಉಪ್ಪು ಬಳಸುತ್ತಾರೆ, ಬಣ್ಣ ನೂಲಿನ ಒಳಗೆ ಹೋಗಲಿ ಅಂತ. ಅಂಗಡಿಯಿಂದ ತಂದ ಬಟ್ಟೆಗೆ ಮನೆಯಲ್ಲಿ ಉಪ್ಪು ಹಾಕಿದರೆ ಬಿಡುವ ಬಣ್ಣ ಬಿಟ್ಟೇ ಬಿಡುತ್ತದೆ. ವಿನೆಗರ್ ಕತೆಯೂ ಅಷ್ಟೇ, ಅದು ಸುಣ್ಣದ ಕಲೆಗೆ ಆಗುತ್ತದೆ, ಕಾಟನ್ ಬಣ್ಣಕ್ಕೆ ಆಗುವುದಿಲ್ಲ. ಒದ್ದೆ ಚೌಕವನ್ನು ಎರಡು ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಮತ್ತೆ ನೆನೆಸಿ, ಮತ್ತೆ ಒತ್ತಿ ನೋಡಿ. ಮೂರು ಸಲ ಆದರೂ ಬಣ್ಣ ಹತ್ತುತ್ತಲೇ ಇದ್ದರೆ ಆ ತುಂಡನ್ನು ಕೌದಿಗೆ ಹಾಕಬೇಡಿ.