ಶುಲ್ಕ ಕಟ್ಟಿದ್ದು ತಿರುಗಾಟಕ್ಕೋ?

ಪ್ರಶ್ನೆ: ಹದಿಮೂರು ವರ್ಷದ ನನ್ನ ಮಗಳು ಒಂದೂವರೆ ವರ್ಷದಿಂದ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಬೇಲಿ ಹಾಕಿದ ಅಂಗಣದಲ್ಲಿ ಚೆನ್ನಾಗಿಯೇ ಓಡಿಸುತ್ತಾಳೆ. ಈಗ ಅವಳ ಗುರುಗಳು ವಾರಕ್ಕೊಂದು ದಿನ ಅಂಗಣ ಬಿಟ್ಟು ಗದ್ದೆ, ಗುಡ್ಡದ ದಾರಿಗೆ ಕರೆದೊಯ್ಯುತ್ತಿದ್ದಾರೆ. ಅಲ್ಲಿಯೂ ಹೆಚ್ಚಿನ ಹೊತ್ತು ಬರೀ ನಡಿಗೆ. ನಾನು ಶುಲ್ಕ ಕಟ್ಟುವುದು ಪಾಠಕ್ಕೆ, ತಿರುಗಾಟಕ್ಕಲ್ಲ. ಇದರಿಂದ ಪ್ರಯೋಜನ ಉಂಟೇ?
– ಒಬ್ಬ ತಂದೆ, ಬಿಜೈ

ಉತ್ತರ: ಲೆಕ್ಕ ಕೇಳಿದ್ದೀರಿ, ಲೆಕ್ಕದಿಂದಲೇ ತೊಡಗುತ್ತೇನೆ. ಸಾಮಾನ್ಯವಾಗಿ ಅಂಗಣ 20 ಮೀಟರ್ ಅಗಲ, 40 ಮೀಟರ್ ಉದ್ದ ಇರುತ್ತದೆ. ಒಂದು ಸುತ್ತಿಗೆ 120 ಮೀಟರ್. ಗಂಟೆಗೆ ಆರು ಕಿಲೋಮೀಟರಿನಂತೆ ನಡೆದರೂ ಮುಕ್ಕಾಲು ಗಂಟೆಯಲ್ಲಿ 37 ಸುತ್ತು, ಅಂದರೆ 148 ಮೂಲೆ. ಮೂಲೆ ಮೂಲೆಯಲ್ಲೂ ಕುದುರೆಯ ಕಾಲಿನ ಕೀಲುಗಳು ಒಂದು ಬದಿಗೆ ವಾಲಿ ಭಾರ ಹೊರಬೇಕು. ಗಾಣದೆತ್ತಿಗೂ ಅದಕ್ಕೂ ಆಗ ಹೆಚ್ಚು ವ್ಯತ್ಯಾಸವಿಲ್ಲ. ಕುದುರೆಯ ಮುಂಗಾಲನ್ನು ಮಂಡಿಯ ಕೆಳಗೆ ಮುಟ್ಟಿ ನೋಡಿ: ಮಾಂಸವೇ ಸಿಗುವುದಿಲ್ಲ. ಅಲ್ಲಿರುವುದು ಎಲುಬು, ಸ್ನಾಯುರಜ್ಜು, ಮೇಲೊಂದು ಚರ್ಮ, ಅಷ್ಟೆ. ಆ ರಜ್ಜು ಬಲಗೊಳ್ಳುವುದು ಗಟ್ಟಿ ನೆಲದ ನೇರ ದಾರಿಯಲ್ಲಿ, ತಿಂಗಳುಗಟ್ಟಲೆಯ ನಿಧಾನ ನಡಿಗೆಯಿಂದ. ನೀವು ‘ಬರೀ ನಡಿಗೆ’ ಎಂದದ್ದಕ್ಕೆ ಕುದುರೆಗೆ ಬಾಯಿ ಬಂದಿದ್ದರೆ ನಿಮ್ಮೊಡನೆ ಜಗಳಕ್ಕೆ ನಿಲ್ಲುತ್ತಿತ್ತು.

ನಾನು ಸೇನೆಯ ರಿಮೌಂಟ್ ಮತ್ತು ವೆಟರ್ನರಿ ಕೋರ್‌ನಲ್ಲಿ ಇಪ್ಪತ್ತೆರಡು ವರ್ಷ ಕುದುರೆ ಪಳಗಿಸಿದವನು. ಆದರೂ ಕಳೆದ ನವೆಂಬರಿನಲ್ಲಿ ಸುರತ್ಕಲ್ಲಿನ ಆಚೆ ಒಂದು ಕಂದು ಹೆಣ್ಣುಕುದುರೆ ನನ್ನನ್ನು ತೋಡಿಗೆ ಬೀಳಿಸಿತು. ಅಂಗಣದಲ್ಲಿ ಅದರಂಥ ಜಾಣೆ ಇನ್ನೊಂದಿಲ್ಲ. ಏಣೇಲು, ಅಂದರೆ ಮಳೆಗಾಲದ ಬೆಳೆ, ಕೊಯ್ಲಾದ ಗದ್ದೆಯ ಅಂಚಿಗೆ ಬಂದಾಗ ಯಾರೋ ನೀಲಿ ಟಾರ್ಪಾಲು ಹಾಸಿ ಭತ್ತ ಒಣಗಿಸಿದ್ದರು. ಕುದುರೆ ನೆಲಕ್ಕೆ ಬೇರು ಬಿಟ್ಟಂತೆ ನಿಂತಿತು. ಹಳೆಯ ಸೈನಿಕನ ಗತ್ತು ನೋಡಿ, ನಾನು ಹಿಮ್ಮಡಿಯಿಂದ ಒತ್ತಿದೆ. ಅದು ಅಡ್ಡಕ್ಕೆ ನೆಗೆಯಿತು, ನಾನು ಹುಣಿ ದಾಟಿ ನೀರಿಗೆ. ತಪ್ಪು ಪೂರ್ತಿ ನನ್ನದೇ. ಕುದುರೆಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿರುತ್ತದೆ. ಸುಮಾರು 350 ಡಿಗ್ರಿಯವರೆಗೆ ನೋಟ ಹರಿದರೂ ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಕುರುಡು. ಹೊಸ ವಸ್ತು ಕಂಡರೆ ಅದಕ್ಕೆ ತಲೆ ಎತ್ತಿ, ತಗ್ಗಿಸಿ, ಮೂಸಿ ನೋಡಲು ಸಮಯ ಬೇಕು. ಆ ಒಂದು ನಿಮಿಷವನ್ನು ನಾನು ಕೊಡಲಿಲ್ಲ.

ಮರುದಿನದಿಂದ ಒಂದು ಮುದಿ ಗಂಡುಕುದುರೆಯನ್ನು ಮುಂದೆ ಬಿಟ್ಟು ಅದೇ ದಾರಿಯಲ್ಲಿ ಹೋದೆವು. ಟಾರ್ಪಾಲಿನ ಬಳಿ ಲಗಾಮು ಸಡಿಲಿಸಿ ಸುಮ್ಮನೆ ಕುಳಿತೆ. ನಾಲ್ಕನೆಯ ದಿನ ಅದು ಭತ್ತಕ್ಕೆ ಬಾಯಿ ಹಾಕಲು ಹೊರಟಿತು, ಮನೆಯೊಡತಿಯಿಂದ ಬೈಸಿಕೊಂಡೆವು. ಡಿಸೆಂಬರಿನ ಹೊತ್ತಿಗೆ ಊರಿನ ಜಾತ್ರೆಯ ಗರ್ನಾಲು ಸಿಡಿದಾಗಲೂ ಕಿವಿ ಮಾತ್ರ ಆ ಕಡೆ ತಿರುಗಿಸಿ ನಡೆಯಿತು. ಇಂಥದ್ದನ್ನು ಅಂಗಣದೊಳಗೆ ಕಲಿಸಲು ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ನಿಮ್ಮ ಮಗಳ ಪಾಲಿಗೆ ಬರುತ್ತೇನೆ. ಬೇಲಿಯಿರುವಲ್ಲಿ ಅರ್ಧ ದಾರಿ ತೋರಿಸುವುದು ಬೇಲಿಯೇ. ತಾನು ಕುದುರೆಯನ್ನು ನೇರ ನಡೆಸುತ್ತಿದ್ದೇನೆಂದು ಮಕ್ಕಳು ತಿಳಿದಿರುತ್ತಾರೆ. ಹೊರಗೆ ಬಂದ ಮೊದಲ ದಿನವೇ ಕುದುರೆ ಹಾವಿನಂತೆ ಸಾಗುತ್ತದೆ, ಗುಟ್ಟು ಬಯಲಾಗುತ್ತದೆ. ನಮ್ಮ ತುಳುನಾಡಿನ ನೆಲವಂತೂ ಸವಾರಿ ಕಲಿಸಲೆಂದೇ ಮೆಟ್ಟಿಲು ಕಡಿದಂತಿದೆ: ಮೇಲೆ ಬೆಟ್ಟು, ನಡುವೆ ಮಜಲು, ಕೆಳಗೆ ಬೈಲು. ಬೆಟ್ಟಿಗೆ ಏರುವಾಗ ಮೈ ಮುಂದಕ್ಕೆ ಬಾಗಬೇಕು, ಲಗಾಮಿಗೆ ಜೋತು ಬೀಳದೆ ಕುತ್ತಿಗೆಯ ಕೂದಲು ಹಿಡಿಯಬೇಕು. ಏರಿನಲ್ಲಿ ಕುದುರೆ ಹಿಂಗಾಲಿನಿಂದ ತಳ್ಳುತ್ತದೆ. ಜಿಗಿತಕ್ಕೆ ಬೇಕಾದ ಶಕ್ತಿ ಅಲ್ಲಿಯೇ ಹುಟ್ಟುತ್ತದೆ. ಇಳಿಯುವಾಗ ಓರೆಯಾಗಿ ಅಲ್ಲ, ನೇರ ಇಳಿಯಬೇಕು. ಬೈಲಿನ ಹಸಿ ಮಣ್ಣಿನಲ್ಲಿ ಮಾತ್ರ ಓಡಿಸಬಾರದು, ಗೊರಸು ಹೂತು ರಜ್ಜು ಉಳುಕುತ್ತದೆ. ಎಲ್ಲಿ ನಡಿಗೆ, ಎಲ್ಲಿ ಕುಕ್ಕುಲೋಟ ಎಂದು ನೆಲ ನೋಡಿ ತಾನೇ ತೀರ್ಮಾನಿಸುವ ಹುಡುಗಿಗೆ ಪಾಠ ನಡೆಯುತ್ತಿಲ್ಲ ಎನ್ನುತ್ತೀರಾ?

ಗುರುಗಳನ್ನು ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮುಂದೆ ಅನುಭವಿ ಕುದುರೆ ಇರುತ್ತದೆಯೇ, ತಲೆಗೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆಯೇ, ಹೊರಟ ಹತ್ತು ನಿಮಿಷಕ್ಕೆ ಇಳಿದು ಜೀನಿನ ಪಟ್ಟಿ ಮತ್ತೆ ಬಿಗಿಯುತ್ತಾರೆಯೇ ಎಂದು ವಿಚಾರಿಸಿ. ದಾರಿಯಲ್ಲಿ ಹೆದ್ದಾರಿ 66 ದಾಟುವುದಿದ್ದರೆ ನಾನಾದರೆ ಒಪ್ಪುವುದಿಲ್ಲ.

ಪ್ರಶ್ನೆ: ಕಡಲ ತೀರದಲ್ಲಿ ನಾಗಾಲೋಟ ಹೊಡೆಸುವ ಆಸೆ. ಕಾಪು, ಪಡುಕೆರೆ ಕಡೆ ಹೋಗಬಹುದೇ?
– ಉಡುಪಿಯ ವಿದ್ಯಾರ್ಥಿ

ಉತ್ತರ: ಚಿತ್ರದಲ್ಲಿ ನೋಡಿದ ಆಸೆ ಇರಬೇಕು. ಮೊದಲು ಸ್ಥಳೀಯವಾಗಿ ಅನುಮತಿ ಕೇಳಿ, ಬಲೆ ಒಣಗಿಸುವ ಮೀನುಗಾರರಿಗೂ ಒಂದು ಮಾತು ಹೇಳಿ. ಹೋಗುವುದು ಇಳಿತದ ಹೊತ್ತಿಗೆ. ಆಗ ನೀರು ಬಿಟ್ಟುಹೋದ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಮೇಲಿನ ಒಣ ಮರಳಿನಲ್ಲಿ ಓಡಿಸಿದರೆ ವಾರದೊಳಗೆ ಕುಂಟು ಕುದುರೆ ನಿಮ್ಮದು. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಆದ್ದರಿಂದ ನಿನ್ನೆಯ ಗಡಿಯಾರವನ್ನು ನಂಬಬೇಡಿ. ಓಡಿಸುವ ಮೊದಲು ಅದೇ ದಾರಿಯಲ್ಲಿ ಒಮ್ಮೆ ನಡೆಸಿ ಹೊಂಡ ನೋಡಿಕೊಳ್ಳಿ. ಹಿಂದೆ ಸರಿಯುವ ಅಲೆ ಕುದುರೆಗೂ ಸವಾರನಿಗೂ ತಲೆ ತಿರುಗಿಸುತ್ತದೆ, ಮಂಡಿಗಿಂತ ಆಳಕ್ಕೆ ಬೇಡ. ಅಲ್ಲಿ ನೆಲದ ಮೇಲೆ ಹುಲ್ಲು ಹಾಕಲೇಬೇಡಿ. ಮರಳು ಹೊಟ್ಟೆ ಸೇರಿ ಶೂಲೆ ಬಂದರೆ, ವಾಂತಿ ಮಾಡಲಾಗದ ಪ್ರಾಣಿ ಅದು. ಮನೆಗೆ ಬಂದು ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ಕಾಲು ತೊಳೆಯಿರಿ. ಬೆಳಗ್ಗೆ ಎಂಟರೊಳಗೆ ಮುಗಿಸಿ. ನಮ್ಮ ಕರಾವಳಿಯ ಹವೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ.

ಪ್ರಶ್ನೆ: ಮಳೆಗಾಲದ ನಾಲ್ಕು ತಿಂಗಳು ಹೊರಗಿನ ಸವಾರಿ ನಿಲ್ಲಿಸಬೇಕೇ?
– ಓದುಗರು, ಮೂಡುಬಿದಿರೆ

ಉತ್ತರ: ಗುಡುಗು ಸಿಡಿಲಿದ್ದರೆ, ಪಾಚಿ ಹಿಡಿದ ಮುರಕಲ್ಲಿನ ದಾರಿಯಾದರೆ ಬೇಡವೇ ಬೇಡ. ಹೊಳವಾದ ದಿನ ಹೋಗಬಹುದು. ಬಂದ ಕೂಡಲೇ ಗೊರಸಿನ ಕೆಸರು ಕೆರೆದು ಒರೆಸಿ. ಗೊರಸಿನಡಿಯ ಮೆತ್ತನೆಯ ಭಾಗ ಸದಾ ಒದ್ದೆಯಾಗಿದ್ದರೆ ಕಪ್ಪಗೆ ಕೊಳೆತು ನಾರುತ್ತದೆ. ಮುರಕಲ್ಲಿನ ಚೂರು ಸಿಕ್ಕಿಕೊಂಡಿರುವುದೂ ಆಗಲೇ ಗೊತ್ತಾಗುವುದು.

ಇನ್ನೊಂದು ತಯಾರಿಯನ್ನು ಮೇ ತಿಂಗಳಲ್ಲೇ ಮಾಡಿ. ಒಬ್ಬರು ಇಪ್ಪತ್ತು ಹೆಜ್ಜೆ ದೂರ ನಿಂತು ಕೊಡೆ ಬಿಚ್ಚಲಿ, ಮುಚ್ಚಲಿ. ಕುದುರೆ ತಲೆ ತಗ್ಗಿಸಿದಾಗ ಬೆಲ್ಲದ ಚೂರು ಕೊಟ್ಟು ಎರಡು ಹೆಜ್ಜೆ ಹತ್ತಿರ ಬನ್ನಿ. ಜೂನ್‌ನಲ್ಲಿ ಶಾಲೆ ಬಿಡುವ ಹೊತ್ತಿಗೆ ಆ ದಾರಿಯಲ್ಲಿ ಒಟ್ಟಿಗೇ ನಲವತ್ತು ಕೊಡೆ ಬಿಚ್ಚಿಕೊಳ್ಳುತ್ತವೆ.