ವಿಲ್ಮ್ಸ್ ಗೆಡ್ಡೆಗೆ ತಾಯಿಯ ತಪ್ಪು ಕಾರಣವೇ?

ಮೂರು ವರ್ಷದ ಮಗನ ಎಡ ಮೂತ್ರಪಿಂಡದಲ್ಲಿ ವಿಲ್ಮ್ಸ್ ಗೆಡ್ಡೆ, ಅಂದರೆ ಮಕ್ಕಳಲ್ಲಿ ಕಾಣುವ ಮೂತ್ರಪಿಂಡದ ಕ್ಯಾನ್ಸರ್, ಕಂಡುಬಂದು ಶಸ್ತ್ರಚಿಕಿತ್ಸೆಯಾಗಿದೆ, ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಓಡಾಡಿದ್ದರಿಂದಲೇ ಹೀಗಾಯಿತೆಂದು ಅತ್ತೆಯವರು ಹೇಳುತ್ತಾರೆ, ನಾನು ಎಲ್ಲಿ ತಪ್ಪಿದೆ ಎಂದು ಕೇಳಿದ್ದೀರಿ. ನೀವು ಎಲ್ಲಿಯೂ ತಪ್ಪಿಲ್ಲ. ಮಕ್ಕಳ ಗೆಡ್ಡೆಗಳ ಸ್ಲೈಡುಗಳನ್ನು ನೋಡಿ ವರದಿ ಬರೆಯುವ ಪೆಥಾಲಜಿಸ್ಟ್ ನಾನು. ಬರಿಯ ಸಮಾಧಾನದ ಮಾತಾಗಿ ಇದನ್ನು ಹೇಳುತ್ತಿಲ್ಲ.

ಈ ಗೆಡ್ಡೆಯ ಬೇರು ಇರುವುದು ಗರ್ಭದಲ್ಲಿ ಮೂತ್ರಪಿಂಡ ರೂಪುಗೊಳ್ಳುವ ಬಗೆಯಲ್ಲಿ. ಗರ್ಭದ ಐದನೆಯ ವಾರದ ಸುಮಾರಿಗೆ, ಮುಂದೆ ಮೂತ್ರನಾಳವಾಗಲಿರುವ ಒಂದು ಮೊಗ್ಗು ಮೂಲಕೋಶಗಳ ಮೃದುವಾದ ರಾಶಿಯೊಳಕ್ಕೆ ಚಾಚಿಕೊಂಡು ಕವಲೊಡೆಯತೊಡಗುತ್ತದೆ. ಆ ರಾಶಿ ಸ್ರವಿಸುವ ಜಿಡಿಎನ್ಎಫ್ ಎಂಬ ಪ್ರೋಟೀನು ಮೊಗ್ಗನ್ನು ತನ್ನತ್ತ ಸೆಳೆಯುತ್ತದೆ. ಮೊಗ್ಗಿನ ಪ್ರತಿ ಕವಲಿನ ತುದಿಯಲ್ಲೂ ರಾಶಿಯ ಕೋಶಗಳು ಗುಂಪುಗೂಡಿ, ಸುರುಳಿಯಾಗಿ, ರಕ್ತ ಸೋಸುವ ನೆಫ್ರಾನ್‌ಗಳಾಗುತ್ತವೆ. 36ನೆಯ ವಾರದ ಹೊತ್ತಿಗೆ ಮೂಲಕೋಶಗಳೆಲ್ಲ ಖರ್ಚಾಗಿ ಈ ಕೆಲಸ ಮುಗಿಯುತ್ತದೆ. ಒಂದೊಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನ್‌ಗಳಿರುತ್ತವೆ. ಆಮೇಲೆ ಹೊಸದು ಹುಟ್ಟುವುದಿಲ್ಲ.

ಕೆಲವೊಮ್ಮೆ ಈ ಮೂಲಕೋಶಗಳ ಒಂದು ಚಿಕ್ಕ ತುಣುಕು ನೆಫ್ರಾನ್ ಆಗದೆ ಹಾಗೆಯೇ ಉಳಿದುಬಿಡುತ್ತದೆ. ಇದಕ್ಕೆ ನೆಫ್ರೋಜೆನಿಕ್ ರೆಸ್ಟ್ ಎನ್ನುತ್ತೇವೆ. ಸುಮಾರು ನೂರು ಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ, ಮತ್ತು ಬಹುಪಾಲು ತಾನಾಗಿಯೇ ಕರಗಿಹೋಗುತ್ತದೆ. ಎಲ್ಲೋ ಅಪರೂಪಕ್ಕೆ, ಕೋಶ ಇಬ್ಭಾಗವಾಗುವಾಗ ವಂಶವಾಹಿಯ ನಕಲಿನಲ್ಲಿ ನುಸುಳುವ ದೋಷದಿಂದ, ಅದು ನಿಲ್ಲದೆ ಬೆಳೆದು ಗೆಡ್ಡೆಯಾಗುತ್ತದೆ. 1990ರಲ್ಲಿ ಗುರುತಿಸಲಾದ ಡಬ್ಲ್ಯುಟಿ1 ಅಂಥ ವಂಶವಾಹಿಗಳಲ್ಲಿ ಒಂದು. ಮೂಲಕೋಶಗಳು ನೆಫ್ರಾನ್ ಆಗಿ ಮಾಗಲು ಅದು ಬೇಕೇ ಬೇಕು.

ಸೂಕ್ಷ್ಮದರ್ಶಕದಡಿ ಇದು ಕಣ್ಣಿಗೇ ಕಾಣುತ್ತದೆ. ದಟ್ಟ ನೀಲಿಯ ಪುಟ್ಟ ಕೋಶಗಳ ದ್ವೀಪಗಳು, ಅವುಗಳ ನಡುವೆ ಅರ್ಧಕ್ಕೇ ನಿಂತ ನಳಿಕೆಗಳು, ಸುತ್ತ ತಿಳಿಗುಲಾಬಿಯ ಎಳೆ ಅಂಗಾಂಶ. ತರಬೇತಿಯ ದಿನಗಳಲ್ಲಿ ಮೊದಲ ಸಲ ನೋಡಿದಾಗ, ಯಾರೋ ಗರ್ಭಸ್ಥ ಶಿಶುವಿನ ಮೂತ್ರಪಿಂಡದ ಸ್ಲೈಡನ್ನು ತಪ್ಪಿ ಇಟ್ಟಿದ್ದಾರೆಂದುಕೊಂಡು ಚೀಟಿಯ ಸಂಖ್ಯೆಯನ್ನು ಎರಡು ಬಾರಿ ತಾಳೆ ನೋಡಿದ್ದೆ. ನನ್ನ ಕಣ್ಣಿಗೆ ಆ ದಿನ ಬಿದ್ದ ಹೋಲಿಕೆಯನ್ನು 2018ರಲ್ಲಿ ಬ್ರಿಟನ್ನಿನ ವೆಲ್ಕಮ್ ಸ್ಯಾಂಗರ್ ಸಂಸ್ಥೆಯ ಸಂಶೋಧಕರು ಮತ್ತವರ ಸಹೋದ್ಯೋಗಿಗಳು ಒಂದೊಂದೇ ಕೋಶವನ್ನು ಬಿಡಿಸಿ ಓದಿ ಖಚಿತಪಡಿಸಿದರು: ಗೆಡ್ಡೆಯ ಕೋಶಗಳಲ್ಲಿ ಸಕ್ರಿಯವಾಗಿದ್ದ ವಂಶವಾಹಿಗಳ ವಿನ್ಯಾಸ ಭ್ರೂಣದ ಮೂತ್ರಪಿಂಡದ ಕೋಶಗಳಿಗೆ ಹೊಂದುತ್ತಿತ್ತು. ಮರುವರ್ಷದ ಅಧ್ಯಯನದಲ್ಲಿ, ಒಂದೇ ಬದಿಯ ಗೆಡ್ಡೆಯಿದ್ದ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮೂತ್ರಪಿಂಡದ ಆರೋಗ್ಯವಂತವಾಗಿ ಕಾಣುತ್ತಿದ್ದ ಭಾಗದಲ್ಲೂ ಗೆಡ್ಡೆಯ ಪೂರ್ವಜ ಕೋಶಗಳ ಗುರುತು ಸಿಕ್ಕಿತು. ಅಂದರೆ ಬೀಜ ಬಿದ್ದದ್ದು ಮೂತ್ರಪಿಂಡ ಇನ್ನೂ ರೂಪುಗೊಳ್ಳುತ್ತಿದ್ದಾಗ. ಗ್ರಹಣದ ನೆರಳಿಗಾಗಲಿ, ನೀವು ತಿಂದ ಪಪ್ಪಾಯಿಗಾಗಲಿ ಅಲ್ಲಿ ಪಾತ್ರವಿಲ್ಲ. ದಯವಿಟ್ಟು ಈ ಭಾಗವನ್ನು ಅತ್ತೆಯವರಿಗೂ ಓದಿ ಹೇಳಿ.

ಮುಂದಿನ ಮಗುವಿಗೂ ಬರುತ್ತದೆಯೇ ಎಂದೂ ಕೇಳಿದ್ದೀರಿ. ಈ ಕಾಯಿಲೆ ಕುಟುಂಬದಲ್ಲಿ ಹರಿದುಬರುವುದು ನೂರರಲ್ಲಿ ಒಂದೆರಡು ಪ್ರಕರಣಗಳಲ್ಲಿ ಮಾತ್ರ. ಮಗನಿಗೆ ಕಣ್ಣಿನ ಬಣ್ಣದ ಉಂಗುರ ಹುಟ್ಟಿನಿಂದಲೇ ಇಲ್ಲದಿದ್ದರೆ, ಮೈಯ ಒಂದು ಬದಿ ಇನ್ನೊಂದಕ್ಕಿಂತ ದಪ್ಪವಾಗಿದ್ದರೆ, ಅಥವಾ ಎರಡೂ ಮೂತ್ರಪಿಂಡಗಳಲ್ಲಿ ಗೆಡ್ಡೆಯಿದ್ದರೆ ವಂಶವಾಹಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಅದಕ್ಕಿಂತ ಮೊದಲು ಪೆಥಾಲಜಿ ವರದಿಯನ್ನು ತೆಗೆದು, ನೆಫ್ರೋಜೆನಿಕ್ ರೆಸ್ಟ್ ಕಂಡಿದೆಯೆಂದು ಬರೆದಿದೆಯೇ ನೋಡಿ. ಬರೆದಿದ್ದರೆ ಬಲ ಮೂತ್ರಪಿಂಡದಲ್ಲೂ ಗೆಡ್ಡೆ ಮೂಡುವ ಸಾಧ್ಯತೆ ತುಸು ಹೆಚ್ಚು; ಆಗ ಸ್ಕ್ಯಾನಿಂಗ್‌ನ ಒಂದು ದಿನಾಂಕವನ್ನೂ ತಪ್ಪಿಸಬೇಡಿ.